ಬಂಡೆಗಲ್ಲಿನ ಚಿತ್ರಗಳೂ ಕನ್ನಡ ನಾಡಿನ ಆದಿಜನರೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಪೂರ್ವವೃತ್ತಾಂತವನ್ನು ಹೇಳಹೊರಟವರು ಬಹುಮಟ್ಟಿಗೆ ಶಾಸನಗಳಿಂದಲೇ ಆರಂಭಿಸುವರು. ಅದು ಸಹಜವೂ ಅಹುದು. ಪಾನುಂಗಲ್ಲು ಐನೂರನ್ನು ಆಳಿದ ಕದಂಬರ ಕಾಲದ ಬರೆಹಗಳು, ತಾರಕೇಶ್ವರ ದೇವಾಲಯದ ಕುಸುರಿಗೆಲಸ, ಏಕಾಂತದ ರಾಮಯ್ಯನ ವೃತ್ತಾಂತವನ್ನು ಕಲ್ಲಿನಲ್ಲಿ ಹೇಳುವ ಅಬ್ಬಲೂರಿನ ಸೋಮೇಶ್ವರ ಗುಡಿ, ಊರೂರ ಅಗಸೆಯಲ್ಲಿ ನಿಂತ ವೀರಗಲ್ಲುಗಳು, ಇಷ್ಟು ಸಾಮಗ್ರಿಯು ಕೈಯಳತೆಯಲ್ಲಿರುವಾಗ ಇದರಿಂದಾಚೆಗೆ ನೋಡಬೇಕೆಂಬ ಬಯಕೆಯು ಹುಟ್ಟುವದು ಕಡಿಮೆ. ಶಾಸನಗಳಿಂದಲೂ ಹಿಂದಕ್ಕೆ ಹೋಗಬಯಸುವವರು ಮಹಾಭಾರತಕ್ಕೆ ಹಾರುವರು. ಹಾನಗಲ್ಲೇ ವಿರಾಟನಗರವೆಂದೂ ಪಾಂಡವರು ಅಜ್ಞಾತವಾಸವನ್ನು ಕಳೆದದ್ದು ಇಲ್ಲಿಯೇ ಎಂದೂ ಐತಿಹ್ಯವುಂಟು. ಶಾಸನಗಳು ಕೂಡ ಈ ಊರನ್ನು ವಿರಾಟನ ಕೋಟೆಯೆಂದು ಕರೆದಿರುವವು. ಕೌರವರು ವಿರಾಟನ ತುರುಗಳನ್ನು ಹಿಡಿದದ್ದು ಈ ಬಯಲುಗಳಲ್ಲಿಯೇ ಎಂದು ಇಂದಿಗೂ ಮುದುಕರು ಹೇಳುವರು.

ಆದರೆ ಅಕ್ಷರಕ್ಕೂ ಐತಿಹ್ಯಕ್ಕೂ ಮಿಗಿಲಾದ ಒಂದು ದೀರ್ಘಕಾಲವು ಈ ನಾಡಿಗಿದ್ದಿತು. ಕನ್ನಡ ನಾಡಿನಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಬರೆಹಗಳೆಂದರೆ ಅಶೋಕನವು. ಮಸ್ಕಿಯಲ್ಲಿ ೧೯೧೫ರಲ್ಲಿ ದೊರೆತದ್ದೂ ಬ್ರಹ್ಮಗಿರಿಯ ಆಸುಪಾಸಿನವೂ ಕ್ರಿಸ್ತಪೂರ್ವ ಮೂರನೆಯ ಶತಮಾನದವು. ಅಂದರೆ ಅಕ್ಷರದ ವಯಸ್ಸು ಸ್ಥೂಲಮಾನದಿಂದ ೨,೨೫೦ ವರ್ಷ. ಆದರೆ ಸುರಪುರದ ಕಡೆಯ ಹುಣಸಗಿಯ ಕಣಿವೆಯಲ್ಲಿ, ಇಸಾಂಪುರವೆಂಬ ಹಳ್ಳಿಯ ಬಳಿ, ಮನುಷ್ಯರು ಕುಳಿತು ಕಲ್ಲು ಒಡೆದು ಆಯುಧಗಳನ್ನು ಮಾಡಿದ ನೆಲೆಯು ಸುಮಾರು ೧೨ ಲಕ್ಷ ವರ್ಷಗಳಷ್ಟು ಹಳೆಯದೆಂದು ವಿದ್ವಾಂಸರು ಎಣಿಸಿರುವರು. ಈ ಕಾಲವನ್ನೆಲ್ಲ ಐನೂರು ಮೊಳದ ಒಂದು ಹಗ್ಗವೆಂದು ಭಾವಿಸಿದರೆ, ಅಕ್ಷರಗಳನ್ನು ಕಾಣುವದು ಕಟ್ಟಕಡೆಯ ಒಂದು ಮೊಳದಲ್ಲಿ ಮಾತ್ರ. ಉಳಿದ ನಾನೂರ ತೊಂಬತ್ತೊಂಬತ್ತು ಮೊಳದಲ್ಲಿ ಬದುಕಿದವರು ತಮ್ಮ ಹೆಸರನ್ನಾಗಲಿ ಮಾತನ್ನಾಗಲಿ ಬಿಟ್ಟುಹೋಗಿಲ್ಲ. ಅವರು ಬಿಟ್ಟುಹೋದದ್ದು ಕಲ್ಲಿನ ಆಯುಧ, ಎಲುಬು, ಬೂದಿ, ಮಡಕೆಯ ಚೂರು. ಇವುಗಳೊಡನೆ ಹಗ್ಗದ ಕೊನೆಯ ಭಾಗದಲ್ಲಿ ಚಿತ್ರಗಳೂ ಸೇರುವವು.

ಮಿಕ್ಕ ಅವಶೇಷಗಳಿಗೂ ಚಿತ್ರಗಳಿಗೂ ಒಂದು ಭೇದವುಂಟು. ಕೊಡಲಿಯು ಮರ ಕಡಿಯುವದಕ್ಕೆ, ಮಡಕೆಯು ಬೇಯಿಸುವದಕ್ಕೆ. ಅವು ಹೊಟ್ಟೆಯ ಚರಿತ್ರವನ್ನು ಹೇಳುವವು. ಚಿತ್ರದಿಂದ ಯಾರ ಹೊಟ್ಟೆಯೂ ತುಂಬುವದಿಲ್ಲ. ಹೊಟ್ಟೆ ತುಂಬದ ಕೆಲಸಕ್ಕಾಗಿ ಮನುಷ್ಯನು ಬಂಡೆಯನ್ನೇರಿ, ಬಣ್ಣವನ್ನರೆದು, ಕೈನೋಯುವವರೆಗೆ ಕಲ್ಲನ್ನು ಕುಟ್ಟಿದನೆಂದರೆ ಅವನಿಗೆ ಹೇಳತಕ್ಕದ್ದೇನೋ ಇದ್ದಿತೆಂಬದು ಸ್ಪಷ್ಟವು. ಪ್ರಾಚೀನ ಮಾನವನ ಮನಸ್ಸನ್ನು ಅರಿಯಬಯಸುವವರು ಈ ಚಿತ್ರಗಳ ಮುಂದೆ ಬಹಳ ಹೊತ್ತು ನಿಲ್ಲುವದಕ್ಕೆ ಇದೇ ಕಾರಣವು.

ಇಂಥ ಚಿತ್ರಗಳನ್ನು ಆಧುನಿಕ ವಿದ್ವಾಂಸರು ಮೊದಲು ಗುರುತಿಸಿದ್ದು ಯುರೋಪಿನಲ್ಲಿ ಎಂಬ ಭಾವನೆಯು ಬಹು ಜನರಲ್ಲಿದೆ. ಅದು ಸರಿಯಲ್ಲ. ಭಾರತದ ಪುರಾತತ್ತ್ವ ಇಲಾಖೆಯಲ್ಲಿದ್ದ ಆರ್ಚಿಬಾಲ್ಡ್ ಕಾರ್ಲೈಲರು ೧೮೬೭–೬೮ರಲ್ಲಿಯೇ ಮಿರ್ಜಾಪುರದ ಕಡೆಯ ಕೈಮೂರ ಬೆಟ್ಟಗಳ ಗವಿಗಳಲ್ಲಿ ಕೆಂಪು ಚಿತ್ರಗಳನ್ನು ಕಂಡು, ಅವು ಬಹು ಪ್ರಾಚೀನವಾದವೆಂದು ತರ್ಕಿಸಿದ್ದರು. ಸ್ಪೇನ್ ದೇಶದ ಆಲ್ತಮಿರಾ ಗವಿಯ ಚಿತ್ರಗಳು ಬೆಳಕಿಗೆ ಬಂದದ್ದು ಇದಾದ ಹನ್ನೆರಡು ವರ್ಷಗಳ ಸುಮಾರಿಗೆ, ೧೮೭೯ರಲ್ಲಿ. ಅಲ್ಲಿ ಸಾಉತುಓಲಾ ಎಂಬ ಗೃಹಸ್ಥನು ಗವಿಯ ನೆಲವನ್ನು ಅಗೆಯುತ್ತಿರಲು, ಅವನ ಚಿಕ್ಕ ಮಗಳಾದ ಮಾರಿಯಾ ಮೇಲಕ್ಕೆ ನೋಡಿ ಛಾವಣಿಯ ಮೇಲಿನ ಕಾಡುಗೂಳಿಗಳನ್ನು ತೋರಿಸಿದಳು. ಕಾಡಮನುಷ್ಯನು ಇಷ್ಟು ಚೆನ್ನಾಗಿ ಬರೆದಾನೆಂಬದನ್ನು ಪಂಡಿತರು ನಂಬಲಿಲ್ಲ. ಅವು ಇತ್ತೀಚಿನ ಮೋಸಗೆಲಸವೆಂಬ ಅಪವಾದವೂ ಹುಟ್ಟಿತು. ಸಾಉತುಓಲಾ ೧೮೮೮ರಲ್ಲಿ ಆ ಅಪವಾದವನ್ನು ಹೊತ್ತುಕೊಂಡೇ ತೀರಿಕೊಂಡನು. ವಿರೋಧಿಗಳಲ್ಲಿ ಮುಖ್ಯನಾದ ಕಾರ್ತೈಯಾಕನು ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ೧೯೦೨ರಲ್ಲಿ. ಆದಿಮಾನವನಿಗೆ ಬುದ್ಧಿಯಿದ್ದಿತೆಂಬದನ್ನು ಒಪ್ಪಿಕೊಳ್ಳುವದು ಸುಶಿಕ್ಷಿತರಿಗೆ ಎಷ್ಟು ಕಷ್ಟವೆಂಬದಕ್ಕೆ ಈ ಒಂದು ಪ್ರಸಂಗವೇ ಸಾಕು.

ಮುಂದೆ ೧೯೪೦ರಲ್ಲಿ ಫ್ರಾನ್ಸಿನ ಲಾಸ್ಕೋ ಗವಿಯು ಹುಡುಗರ ಕಣ್ಣಿಗೆ ಬಿದ್ದಿತು. ಭೋಪಾಳದ ಹತ್ತಿರದ ಭೀಮಬೇಟಕಾದ ಚಿತ್ರಗಳನ್ನು ವಾಕಣಕರರು ೧೯೫೭ರಲ್ಲಿ ಕಂಡುಹಿಡಿದರು. ಪೂರ್ವದ್ವೀಪಗಳಲ್ಲಿ ಒಂದಾದ ಸುಲಾವೇಸಿಯಲ್ಲಿಯ ಒಂದು ಚಿತ್ರವು ೫೧,೨೦೦ ವರ್ಷಗಳಿಗೆ ಕಡಿಮೆಯಲ್ಲದಷ್ಟು ಹಳೆಯದೆಂದು ೨೦೨೪ರಲ್ಲಿ ಪ್ರಕಟವಾಯಿತು. ಕನ್ನಡ ನಾಡಿನ ಚಿತ್ರಗಳಿಗೆ ಇಷ್ಟು ವಯಸ್ಸನ್ನು ಕೊಡುವದಕ್ಕೆ ಸದ್ಯಕ್ಕೆ ಯಾವ ಆಧಾರವೂ ಇಲ್ಲ. ಅಭಿಮಾನದಿಂದ ವಯಸ್ಸನ್ನು ಹೆಚ್ಚಿಸುವ ಕಾರಣವೂ ಇಲ್ಲ. ಇಲ್ಲಿಯವು ಬಹುಭಾಗ ನವಶಿಲಾಯುಗದವು, ಅಂದರೆ ಕ್ರಿ. ಪೂ. ೩೦೦೦ದಿಂದ ೧೨೦೦ರ ವರೆಗಿನ ಸುಮಾರಿನವು, ಹಾಗೂ ಅದರ ಮುಂದಿನ ಕಬ್ಬಿಣದ ಕಾಲದವು. ಕೆಲವು ಮಾತ್ರ ಇದಕ್ಕಿಂತ ಹಳೆಯವಿರಬಹುದು.

ವಯಸ್ಸನ್ನು ಹೇಗೆ ತಿಳಿಯುವರೆಂಬ ಪ್ರಶ್ನೆಯು ಇಲ್ಲಿ ಸಹಜವಾಗಿ ಹುಟ್ಟುವದು. ಕೆಂಪು ಬಣ್ಣವೆಂದರೆ ಜಾಜು ಅಥವಾ ಕಾವಿಮಣ್ಣು. ಅದು ಕಬ್ಬಿಣದ ಅದಿರು. ಇದ್ದಲಿಯ ಕಾಲವನ್ನು ಅಳೆಯುವ ಇಂಗಾಲದ ರೀತಿಯು ಅದಕ್ಕೆ ಹೊಂದದು, ಏಕೆಂದರೆ ಅದರಲ್ಲಿ ಇಂಗಾಲವೇ ಇಲ್ಲ. ಸುಲಾವೇಸಿಯಲ್ಲಿ ಸುಣ್ಣಗಲ್ಲಿನ ಗವಿಗಳಿರುವದರಿಂದ ಚಿತ್ರದ ಮೇಲೆ ಬೆಳೆದ ಸುಣ್ಣದ ಪದರನ್ನು ಪರೀಕ್ಷಿಸಿ ಕಾಲವನ್ನು ಹೇಳಿದರು. ಬಳ್ಳಾರಿ ರಾಯಚೂರುಗಳ ಬೆಣಚುಗಲ್ಲಿಗೂ ಬಾದಾಮಿಯ ಮರಳುಗಲ್ಲಿಗೂ ಅಂಥ ಅನುಕೂಲವಿಲ್ಲ. ಆದುದರಿಂದ ಇಲ್ಲಿಯ ಸಂಶೋಧಕರು ಬೇರೆ ದಾರಿಗಳನ್ನು ಹಿಡಿದರು. ಒಂದು ಚಿತ್ರದ ಮೇಲೆ ಇನ್ನೊಂದನ್ನು ಬರೆದಿದ್ದರೆ ಕೆಳಗಿನದು ಹಿಂದಿನದು. ಕುಟ್ಟಿ ತೆಗೆದ ಗೆರೆಯು ಬಂಡೆಯಷ್ಟೇ ಕಪ್ಪಾಗಿದ್ದರೆ ಹಳೆಯದು, ಬೆಳ್ಳಗೆ ಉಳಿದಿದ್ದರೆ ಹೊಸದು. ಅಗೆದ ನೆಲದಲ್ಲಿ ಸಿಕ್ಕುವ ಸುಟ್ಟ ಮಣ್ಣಿನ ಎತ್ತುಗಳ ಗೊಂಬೆಗಳು ಬಂಡೆಯ ಮೇಲಿನ ಎತ್ತುಗಳನ್ನೇ ಹೋಲುತ್ತಿದ್ದರೆ ಎರಡೂ ಒಂದೇ ಕಾಲದ ಜನರವೆಂದು ಹೇಳಬಹುದು. ರಾಯಚೂರು ಜಿಲ್ಲೆಯ ಪಿಕ್ಕಲಿಹಾಳದಲ್ಲಿ ಅಗೆತವನ್ನೂ ಚಿತ್ರಗಳನ್ನೂ ಒಟ್ಟಿಗೆ ಅಭ್ಯಸಿಸಿ ೧೯೬೦ರಲ್ಲಿ ವರದಿಯನ್ನು ಪ್ರಕಟಿಸಿದ ಆಲ್ಚಿನರು ಈ ರೀತಿಯ ವಿಚಾರಕ್ಕೆ ಗಟ್ಟಿಯಾದ ತಳಹದಿಯನ್ನು ಹಾಕಿದರು.

ಕನ್ನಡ ನಾಡಿನ ಬಂಡೆಚಿತ್ರಗಳಲ್ಲಿ ಬಳ್ಳಾರಿಯ ಹತ್ತಿರದ ಕಪ್ಪಗಲ್ಲಿನವು ಅಗ್ರಗಣ್ಯವಾದವು. ಸಂಗನಕಲ್ಲು, ಕಪ್ಪಗಲ್ಲು ಈ ಹಳ್ಳಿಗಳ ನಡುವಿನ ಹಿರೇಗುಡ್ಡದಲ್ಲಿ ಬೆಣಚುಗಲ್ಲನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಗಲ್ಲಿನ ಒಂದು ದಿಂಡು ಹೊರಬಿದ್ದಿರುವದು. ಆ ಕರಿಗಲ್ಲಿನಿಂದಲೇ ಅಲ್ಲಿಯ ಜನರು ಕೊಡಲಿಗಳನ್ನು ಮಾಡುತ್ತಿದ್ದರು. ಇದು ಕಲ್ಲುಗೊಡಲಿಗಳ ಕಾರಖಾನೆಯಾಗಿತ್ತೆಂಬದನ್ನು ಭೂಗರ್ಭಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ಆ ಕರಿಬಂಡೆಗಳ ಮೈಮೇಲೆ ನೂರಾರು ಚಿತ್ರಗಳಿವೆ. ಇವು ಬಣ್ಣದವಲ್ಲ. ಕಲ್ಲಿನಿಂದ ಕಲ್ಲನ್ನು ಮೆಲ್ಲನೆ ಕುಟ್ಟಿ ಮೇಲಿನ ಕಪ್ಪುಪದರನ್ನು ಎಬ್ಬಿಸಿ ತೆಗೆದವು. ೧೮೯೨ರಲ್ಲಿ ಫಾಸೆಟ್ ಎಂಬವರು ಇವುಗಳ ಮೇಲೆ ಒಂದು ಲೇಖನವನ್ನು ಬರೆದರು. ೧೯೪೬ರಲ್ಲಿ ಸಂಗನಕಲ್ಲಿನಲ್ಲಿ ಸುಬ್ಬರಾಯರು ಅಗೆಸಿ ೧೯೪೮ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಮೇಲೆ ಗ್ರಂಥವನ್ನು ಪ್ರಕಟಿಸಿದರು. ತರುವಾಯ ನಿಕೋಲ್ ಬೋಯ್ವಿನರು ೨೦೦೪ರಲ್ಲಿ ಮತ್ತೊಮ್ಮೆ ಈ ಚಿತ್ರಗಳನ್ನು ವಿವರವಾಗಿ ವರ್ಣಿಸಿದರು.

ಈ ಚಿತ್ರಗಳಲ್ಲಿ ಏನಿದೆ? ಎತ್ತು. ಮತ್ತೆ ಎತ್ತು. ಬಂಡೆಯಿಂದ ಬಂಡೆಗೆ ಹೋದರೂ ಎತ್ತೇ. ಎತ್ತರವಾದ ಹಿಣಿಲು, ಮೈಗಿಂತಲೂ ದೊಡ್ಡದಾಗಿ ಕಾಣುವ ಬಾಗಿದ ಕೋಡುಗಳು, ಸಪೂರವಾದ ಕಾಲುಗಳು. ಅಮೃತಮಹಾಲ, ಹಳ್ಳಿಕಾರ, ಖಿಲಾರಿ ತಳಿಗಳ ಹೋರಿಗಳನ್ನು ಬಲ್ಲ ಒಕ್ಕಲಿಗನು ಈ ಚಿತ್ರಗಳನ್ನು ಕಂಡೊಡನೆ ಗುರುತಿಸುವನು. ಮನುಷ್ಯರೂ ಇದ್ದಾರೆ. ಕೆಲವರು ಬಿಲ್ಲು ಹಿಡಿದಿರುವರು, ಕೆಲವರು ಸಾಲಾಗಿ ಕೈಕೈ ಹಿಡಿದಿರುವರು. ಆದರೆ ಮನುಷ್ಯನು ಕೆಲವೇ ಗೆರೆಗಳ ಕಡ್ಡಿಯಂಥ ಆಕೃತಿ. ಎತ್ತಿಗೆ ಮಾತ್ರ ಮೈಯುಂಟು, ಭಾರವುಂಟು, ಗಾಂಭೀರ್ಯವುಂಟು. ಬರೆದವನ ಪ್ರೀತಿಯು ಯಾವುದರ ಮೇಲಿತ್ತೆಂಬದನ್ನು ಬೇರೆ ಹೇಳಬೇಕಾಗಿಲ್ಲ.

ಯುರೋಪಿನ ಗವಿಚಿತ್ರಗಳಲ್ಲಿ ಕಾಡುಪ್ರಾಣಿಗಳೇ ಹೆಚ್ಚಾಗಿರುವದರಿಂದ, ಬೇಟೆಯು ಸಫಲವಾಗಲೆಂದು ಮಾಡಿದ ಮಾಟದ ಚಿತ್ರಗಳವೆಂದು ಅಲ್ಲಿಯ ಕೆಲವು ಪಂಡಿತರು ಅರ್ಥಮಾಡಿದರು. ಆ ಅರ್ಥವನ್ನು ಕಪ್ಪಗಲ್ಲಿಗೆ ಹೊಂದಿಸಲಾಗದು. ಹಟ್ಟಿಯಲ್ಲಿ ಕಟ್ಟಿದ ದನವನ್ನು ಮಾಟದಿಂದ ಹಿಡಿಯಬೇಕಾದ ಅವಶ್ಯಕತೆಯಿಲ್ಲ. ಇಲ್ಲಿಯ ಜನರು ದನಗಾಹಿಗಳು. ಅವರ ಐಶ್ವರ್ಯವೂ ಮಾನವೂ ಬಹುಶಃ ಅವರ ಜಗಳಗಳೂ ದನಗಳನ್ನೇ ಕುರಿತಿದ್ದವು. ಹಾನಗಲ್ಲ ಸೀಮೆಯ ವೀರಗಲ್ಲುಗಳನ್ನು ನೋಡಿದವರಿಗೆ ಇದನ್ನು ನಂಬುವದು ಕಷ್ಟವಾಗದು. ತುರುಗೋಳಿನಲ್ಲಿ ಕಾದಿ ಸತ್ತವನ ಕಲ್ಲಿನಲ್ಲಿ ಕೆಳಗಡೆ ದನಗಳ ಸಾಲು ನಿಂತಿರುವದು. ವಿರಾಟನ ಗೋಗ್ರಹಣದ ಕಥೆಯು ಈ ಸೀಮೆಯಲ್ಲಿ ಬೇರೂರಿದ್ದು ಕೇವಲ ಆಕಸ್ಮಿಕವಲ್ಲವೆಂದು ತೋರುವದು.

ಹಿರೇಗುಡ್ಡದ ಇನ್ನೊಂದು ವಿಶೇಷವು ನಾದವು. ಅಲ್ಲಿಯ ಕೆಲವು ಬಂಡೆಗಳಲ್ಲಿ ಗುಳಿಗಳು ಸವೆದಿವೆ. ಆ ಗುಳಿಗಳಲ್ಲಿ ಕಲ್ಲಿನಿಂದ ಹೊಡೆದರೆ ಗಂಟೆಯಂತೆ ಗಣಗಣ ನಾದವು ಹೊರಡುವದು. ಚಿತ್ರಗಳನ್ನು ಕುಟ್ಟುವಾಗಲೇ ಬೆಟ್ಟವೆಲ್ಲ ಮೊಳಗುತ್ತಿದ್ದಿರಬೇಕು. ಕೆಲವು ಚಿತ್ರಗಳಂತೂ ಏರಲಾಗದ ಕಡಿದಾದ ಸ್ಥಳಗಳಲ್ಲಿವೆ. ಬರೆದವನು ತೂಗಾಡುತ್ತಲೇ ಬರೆದಿರಬೇಕು. ಇದು ಹೊತ್ತುಹೋಗದ ದನಗಾಹಿ ಹುಡುಗರ ಆಟ ಮಾತ್ರವಾಗಿರಲಾರದು. ಆಟವೇ ಅಲ್ಲವೆಂದೂ ಹೇಳಲಾಗದು.

ಕಪ್ಪಗಲ್ಲಿನ ಚಿತ್ರಗಳ ಅರ್ಥವನ್ನು ಬಿಡಿಸುವದಕ್ಕೆ ಚಿತ್ರಗಳಿಗಿಂತಲೂ ಬೂದಿಯು ಹೆಚ್ಚು ಸಹಾಯಮಾಡಿತು. ಬಳ್ಳಾರಿ, ರಾಯಚೂರುಗಳ ಬಯಲುಗಳಲ್ಲಿ ದೊಡ್ಡ ದೊಡ್ಡ ಬೂದಿಗುಡ್ಡಗಳಿವೆ. ಕಪ್ಪಗಲ್ಲಿನಲ್ಲಿಯೂ ಒಂದುಂಟು, ಕುಡತಿನಿಯ ಬಳಿ ಇನ್ನೊಂದುಂಟು. ಕುಡತಿನಿಯದು ಭೀಮನು ಕೊಂದ ಹಿಡಿಂಬನ ಚಿತೆಯ ಬೂದಿಯೆಂದೂ, ಹಂಪೆಯ ಹತ್ತಿರದ ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿಯೆಂದೂ ಜನರು ಹೇಳುತ್ತ ಬಂದಿರುವರು. ಜ್ವಾಲಾಮುಖಿಯೆಂದವರೂ ಉಂಟು, ಇಟ್ಟಿಗೆಯ ಭಟ್ಟಿಯೆಂದವರೂ ಉಂಟು. ಅವು ದನದ ಸಗಣಿಯನ್ನು ಸುಟ್ಟ ಬೂದಿಯೆಂದು ಫೂಟರು ಹೇಳಿದರು. ೧೯೬೦ರ ಸುಮಾರಿಗೆ ಝಾಯ್ನರರು ಪ್ರಯೋಗಶಾಲೆಯಲ್ಲಿ ಬೂದಿಯನ್ನು ಪರೀಕ್ಷಿಸಿ ಅದನ್ನೇ ಸಮರ್ಥಿಸಿದರು. ೧೯೫೭ರಲ್ಲಿ ಆಲ್ಚಿನರು ಈಗಿನ ತೆಲಂಗಾಣಕ್ಕೆ ಸೇರಿದ ಉಟ್ನೂರಿನ ಬೂದಿಗುಡ್ಡವನ್ನು ಅಗೆಸಿದಾಗ, ಬೂದಿಯ ಪದರಿನಲ್ಲಿ ದನಗಳ ಗೊರಸಿನ ಗುರುತುಗಳೇ ಅಚ್ಚೊತ್ತಿ ಉಳಿದಿದ್ದವು. ನಾಲ್ಕು ಸಾವಿರ ವರ್ಷಗಳ ಹಿಂದೆ ದೊಡ್ಡಿಯಲ್ಲಿ ನಿಂತ ದನವು ತನ್ನ ಹೆಜ್ಜೆಯನ್ನು ಬಿಟ್ಟುಹೋಗಿತ್ತು. ತರುವಾಯ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಸುರಪುರದ ಕಡೆಯ ಬೂದಿಹಾಳದಲ್ಲಿ ಬೂದಿಗುಡ್ಡದ ಪಕ್ಕದಲ್ಲಿಯೇ ಜನರು ಮನೆಮಾಡಿಕೊಂಡಿದ್ದುದನ್ನು ತೋರಿಸಿಕೊಟ್ಟರು.

ಗೋಮಯವನ್ನು ದಹಿಸಿ ಭಸ್ಮವನ್ನು ಸಿದ್ಧಪಡಿಸುವ ವಿಧಾನವನ್ನು ಬಲ್ಲ ಭಕ್ತರಿಗೆ ಈ ಸಂಗತಿಯು ವಿಶೇಷ ಕುತೂಹಲವನ್ನು ಹುಟ್ಟಿಸದಿರದು. ಸಗಣಿಯು ಹೊಲಕ್ಕೆ ಗೊಬ್ಬರವಾಗುವ ವಸ್ತು. ಅದನ್ನು ರಾಶಿಹಾಕಿ, ಕೆಲವೆಡೆ ಬೂದಿಯು ಕರಗಿ ಗಾಜಿನಂತೆ ಗಟ್ಟಿಯಾಗುವಷ್ಟು ಉರಿಯಿಂದ ಮೇಲಿಂದ ಮೇಲೆ ಸುಟ್ಟದ್ದು ಕೇವಲ ಕಸವನ್ನು ಕಳೆಯುವದಕ್ಕಲ್ಲವೆಂದು ಅನೇಕ ವಿದ್ವಾಂಸರ ಮತವು. ವರ್ಷದ ಯಾವುದೋ ಪರ್ವದಲ್ಲಿ ದನಗಳ ಕ್ಷೇಮಕ್ಕಾಗಿ ಬೆಂಕಿಯನ್ನು ಹೊತ್ತಿಸುತ್ತಿದ್ದರೆಂದು ಆಲ್ಚಿನರು ಊಹಿಸಿದರು. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ದಿನ ದನಗಳನ್ನು ಕಿಚ್ಚು ಹಾಯಿಸುವ ವಾಡಿಕೆಯು ಇಂದಿಗೂ ಉಂಟು. ಆದರೆ ಇಷ್ಟರಿಂದಲೇ ಆ ಬೂದಿಗುಡ್ಡಗಳು ವಿಭೂತಿಯ ರಾಶಿಗಳೆಂದೂ ಬಂಡೆಯ ಮೇಲಿನ ಎತ್ತು ನಂದಿಯೆಂದೂ ಹೇಳುವದು ಅವಸರದ ಮಾತಾಗುವದು. ನಂದಿಯು ನಂದಿಯಾಗಿ ಕಲ್ಲಿನಲ್ಲಿ ಮೂಡುವದಕ್ಕೂ ಕಪ್ಪಗಲ್ಲಿನ ಎತ್ತಿಗೂ ನಡುವೆ ಸಾವಿರ ವರ್ಷಕ್ಕೂ ಮಿಕ್ಕ ಅಂತರವಿದೆ. ಆ ಅಂತರದಲ್ಲಿ ಒಂದರಿಂದ ಇನ್ನೊಂದಕ್ಕೆ ಎಳೆಯನ್ನು ಹಿಡಿದು ತೋರಿಸಬಲ್ಲ ಸಾಕ್ಷಿಯು ಸಿಕ್ಕಿಲ್ಲ. ಬೂದಿಯನ್ನು ಪವಿತ್ರವೆಂದು ಬಗೆದಿರಬಹುದಾದ ಜನರು ಈ ನಾಡಿನಲ್ಲಿ ಬಹು ಹಿಂದೆಯೇ ಇದ್ದರೆಂಬಷ್ಟೇ ಇಲ್ಲಿ ಹೇಳತಕ್ಕ ಮಾತು. ಅದು ಅಲ್ಪವಾದ ಮಾತೂ ಅಲ್ಲ.

ಹಾನಗಲ್ಲ ಕುಮಾರ ಶಿವಯೋಗಿಗಳು ೧೯೦೯ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರಕ್ಕೆ ಈ ಭಾಗದ ಭಕ್ತರು ಹೋಗಿಬರುತ್ತಲೇ ಇರುವರು. ಮಲಪ್ರಭೆಯ ದಂಡೆಯ ಆ ಕ್ಷೇತ್ರದಿಂದ ಬಾದಾಮಿಯು ಕೆಲವೇ ಮೈಲು. ಬಾದಾಮಿಗೆ ಹೋದವರು ಚಾಲುಕ್ಯ ಮಂಗಳೇಶನು ಕ್ರಿ. ಶ. ೫೭೮ರಲ್ಲಿ ಪೂರೈಸಿದ ಗುಹಾಲಯವನ್ನು ನೋಡಿಯೇ ಬರುವರು. ಆದರೆ ಅದೇ ಕೆಂಪು ಮರಳುಗಲ್ಲಿನ ಬೆಟ್ಟಸಾಲಿನಲ್ಲಿ, ಊರಿಂದ ಸುಮಾರು ಒಂದು ಹರದಾರಿಯ ದೂರದಲ್ಲಿ, ಸಿಡ್ಲಪಡಿ ಎಂಬ ಸ್ಥಳವುಂಟೆಂಬದನ್ನು ಅರಿತವರು ವಿರಳ. ಸಿಡಿಲು ಬಡಿದು ತೂತಾದ ಪಡಿಯೆಂದು ಜನರು ಆ ಹೆಸರನ್ನು ಅರ್ಥಮಾಡುವರು. ನಿಸರ್ಗವೇ ಕಮಾನಿನಂತೆ ಕೊರೆದ ಆ ಬಂಡೆಯ ನೆರಳಿನಲ್ಲಿ ಮಂಗಳೇಶನ ಶಿಲ್ಪಿಗಳ ಉಳಿಯು ಹುಟ್ಟುವ ಮೊದಲೇ ಯಾರೋ ಕೆಂಪು ಬಣ್ಣದಿಂದ ಮನುಷ್ಯರನ್ನೂ ಪ್ರಾಣಿಗಳನ್ನೂ ಬರೆದಿರುವರು. ಮಲಪ್ರಭೆಯ ಕಣಿವೆಯಲ್ಲಿ ಅದಕ್ಕೂ ಪೂರ್ವದ ಶಿಲಾಯುಗದ ಆಯುಧಗಳು ಧಾರಾಳವಾಗಿ ಸಿಕ್ಕಿರುವವು. ಗುಹೆಯನ್ನು ಚಿತ್ರಗಳಿಂದ ಅಲಂಕರಿಸುವ ಕಾರ್ಯವು ಆ ಬೆಟ್ಟಗಳಿಗೆ ಹೊಸದಾಗಿರಲಿಲ್ಲ.

ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬೆಟ್ಟದಲ್ಲಿ ಇನ್ನೊಂದು ತೆರನ ದೃಶ್ಯವು ಕಾಣುವದು. ಅಲ್ಲಿ ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ಸುಮಾರು ನಾನೂರು ಸಮಾಧಿಮನೆಗಳುಂಟು. ಜನರು ಅವನ್ನು ಮೋರ್ಯರ ಮನೆಗಳೆನ್ನುವರು. ಮೋರ್ಯರೆಂಬ ಗಿಡ್ಡಜನರು ಅಲ್ಲಿ ಬಾಳುತ್ತಿದ್ದರೆಂಬದು ಅವರ ನಂಬಿಗೆ. ಎತ್ತರದ ಬಂಡೆಯೊಂದರ ಮೇಲೆ ನಗಾರಿಯಾಕಾರದ ದೊಡ್ಡ ಕಲ್ಲು ಕುಳಿತಿದೆ. ಬಡಿದರೆ ಅದರ ಸದ್ದು ಬಹುದೂರ ಕೇಳುವದು. ಸಮಾಧಿಗಳಿರುವ ಬೆಟ್ಟದ ಬಂಡೆಗಳ ಕೆಳಗೆ ಕಾವಿಯ ಚಿತ್ರಗಳು. ಸಾಲುಗಟ್ಟಿ ಕುಣಿಯುವ ಜನ, ಬೇಟೆ, ಜಿಂಕೆ, ನವಿಲು, ಕುದುರೆ. ೨೦೨೧ರಲ್ಲಿ ಈ ಸ್ಥಳವು ವಿಶ್ವಪರಂಪರೆಯ ತಾತ್ಕಾಲಿಕ ಯಾದಿಯಲ್ಲಿ ಸೇರಿತು. ಕಪ್ಪಗಲ್ಲಿನ ಎತ್ತುಗಳನ್ನು ನೋಡಿ ಇಲ್ಲಿಗೆ ಬಂದವರಿಗೆ ಕಾಲವು ಬದಲಾದದ್ದು ತಟ್ಟನೆ ತಿಳಿಯುವದು. ಕುದುರೆಯು ಬಂದಿತು. ಸತ್ತವರಿಗೆ ಮನೆಕಟ್ಟುವ ಪದ್ಧತಿಯು ಬಂದಿತು. ಅನೇಕ ಸ್ಥಳಗಳಲ್ಲಿ ಹಳೆಯ ಎತ್ತುಗಳ ಬಳಿಯಲ್ಲಿಯೇ, ಒಮ್ಮೊಮ್ಮೆ ಅವುಗಳ ಮೇಲೆಯೇ, ಕುದುರೆಯೇರಿ ಆಯುಧ ಹಿಡಿದವರು ಕಾಣಿಸಿಕೊಳ್ಳುವರು. ದನಗಾಹಿಗಳ ಹಟ್ಟಿಯು ಯೋಧರ ನಾಡಾಗಿ ಮಾರ್ಪಟ್ಟದ್ದನ್ನು ಬಂಡೆಯು ಒಂದು ಮಾತಿಲ್ಲದೆ ಹೇಳುವದು.

ಇನ್ನು ಈ ನಾಲ್ಕು ತಾಲೂಕುಗಳ ಸಂಗತಿ. ಹೆಸರಾದ ಬಂಡೆಚಿತ್ರಗಳೆಲ್ಲ ಇವುಗಳ ಉತ್ತರಕ್ಕೂ ಪೂರ್ವಕ್ಕೂ ಇರುವವು. ಇದಕ್ಕೆ ಕಾರಣವು ಜನರಲ್ಲಿ ಅಲ್ಲ, ಕಲ್ಲಿನಲ್ಲಿ ಇರುವದೆಂದು ತೋರುತ್ತದೆ. ಬಳ್ಳಾರಿಯ ಕಡೆಗಿರುವಂತೆ ಒಂದರ ಮೇಲೊಂದು ಹೇರಿದ ಬೆಣಚುಗಲ್ಲಿನ ಗುಂಡುಗಳಾಗಲಿ, ಬಾದಾಮಿಯ ಕಡೆಗಿರುವಂತೆ ಮುಂಚಾಚಿದ ಮರಳುಗಲ್ಲಿನ ಪಡಿಗಳಾಗಲಿ ಇಲ್ಲಿ ಹೆಚ್ಚಾಗಿ ಇಲ್ಲ. ಈ ಸೀಮೆಯಲ್ಲಿ ಹರಡಿದ ಪದರುಗಲ್ಲಿನ ಜಾತಿಗೆ ಫೂಟರು ಧಾರವಾಡದ ಹೆಸರನ್ನೇ ಇಟ್ಟರು. ಅದು ಭೂಗರ್ಭಶಾಸ್ತ್ರದಲ್ಲಿ ಜಗತ್ಪ್ರಸಿದ್ಧವಾಯಿತು. ಆದರೆ ಅದು ಬೇಗನೆ ಸವೆದು ಮಣ್ಣಾಗುವ ಕಲ್ಲು. ಮೇಲಾಗಿ ಹಾನಗಲ್ಲ ಸೀಮೆಯು ಮಲೆನಾಡಿನ ಸೆರಗು, ಮಳೆಯು ಹೆಚ್ಚು. ಬಯಲಿನ ಬಂಡೆಯ ಮೇಲೆ ಯಾರಾದರೂ ಬರೆದಿದ್ದರೂ ಮಳೆಯು ಅದನ್ನು ಉಳಿಸಿರಲಾರದು.

ಚಿತ್ರಗಳಿಲ್ಲದಿದ್ದರೂ ಜನರಿದ್ದರು. ಉತ್ಖನನದ ಕಾಲಕ್ಕೆ ಧಾರವಾಡ ಜಿಲ್ಲೆಯ ಹಿರೇಕೆರೂರು ತಾಲೂಕಿಗೆ ಸೇರಿದ್ದ, ತುಂಗಭದ್ರೆಯ ಎಡದಂಡೆಯ ಹಳ್ಳೂರು ಇದಕ್ಕೆ ಸಾಕ್ಷಿ. ಅಲ್ಲಿಯ ದಿಬ್ಬವನ್ನು ಎಂ. ಎಸ್. ನಾಗರಾಜರಾಯರು ೧೯೬೫ರಲ್ಲಿ ಅಗೆಸಿದರು. ಮುಂದೆ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕ ಪದವಿಗೇರಿದವರು ಇವರೇ. ಅಗೆತದ ವರದಿಯು ೧೯೭೧ರಲ್ಲಿ ಹೊರಬಿದ್ದಿತು. ಕ್ರಿ. ಪೂ. ಎರಡನೆಯ ಸಹಸ್ರಮಾನದಲ್ಲಿ ಅಲ್ಲಿ ಜನರು ದುಂಡಗಿನ ಗುಡಿಸಲುಗಳಲ್ಲಿ ವಾಸಿಸುತ್ತಿದ್ದರು. ನುಣ್ಣಗೆ ತೇದ ಕಲ್ಲುಗೊಡಲಿ, 'ಅಲಗು'ಗಳೆಂದು ಕರೆಯಬಹುದಾದ ಸಣ್ಣ ಕಲ್ಲಿನ ಸೀಳುಗಳು, ಸ್ವಲ್ಪಮಟ್ಟಿಗೆ ತಾಮ್ರ ಇವು ಅವರ ಸಲಕರಣೆಗಳು. ದನಕರುಗಳನ್ನು ಸಾಕುತ್ತಿದ್ದರು. ಈಚೆಗೆ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟ ಕಾಳುಗಳನ್ನು ಆರಿಸುವ ರೀತಿಯಿಂದ ತಿಳಿದುಬಂದಂತೆ, ದಕ್ಷಿಣದ ನವಶಿಲಾಯುಗದ ಒಕ್ಕಲುತನದಲ್ಲಿ ಹುರುಳಿ, ಹೆಸರು, ಕೊರಲೆ ಮುಂತಾದ ಕಾಳುಗಳೇ ಮುಖ್ಯವಾದವು. ಮಕ್ಕಳು ಸತ್ತರೆ ಮಡಕೆಯಲ್ಲಿಟ್ಟು ಹೂಳುತ್ತಿದ್ದರು.

ಈ ದಿಬ್ಬದ ಮೇಲಿನ ಪದರುಗಳಲ್ಲಿ ಕಬ್ಬಿಣದ ಬಾಣದ ಮೊನೆಗಳು ಸಿಕ್ಕವು. ಅವುಗಳ ಪದರಿನ ಇದ್ದಲಿಯನ್ನು ಪರೀಕ್ಷಿಸಲು ಕ್ರಿ. ಪೂ. ೧೦೦೦ದ ಸುಮಾರಿನ ಕಾಲವು ಬಂದಿತು. ದಕ್ಷಿಣದಲ್ಲಿ ಕಬ್ಬಿಣವು ಇಷ್ಟು ಹಿಂದೆಯೇ ಇದ್ದಿತೆಂಬದು ಆಗ ವಿದ್ವಾಂಸರಿಗೆ ಆಶ್ಚರ್ಯದ ಸಂಗತಿಯಾಗಿತ್ತು. ಅದಕ್ಕಿಂತಲೂ ಹೆಚ್ಚಿನ ಚರ್ಚೆಯನ್ನು ಎಬ್ಬಿಸಿದವು ಕೆಲವು ಎಲುಬುಗಳು. ಹಳ್ಳೂರಿನ ಪ್ರಾಣಿಗಳ ಎಲುಬುಗಳನ್ನು ಪಶುವೈದ್ಯಶಾಸ್ತ್ರಜ್ಞರಾದ ಕೆ. ಆರ್. ಆಲೂರರು ಪರೀಕ್ಷಿಸಿ, ಅವುಗಳಲ್ಲಿ ಕೆಲವು ಕುದುರೆಯವೆಂದು ನಿರ್ಣಯಿಸಿದರು. ಕುದುರೆಯು ಈ ದೇಶಕ್ಕೆ ಯಾವಾಗ, ಯಾರೊಡನೆ ಬಂದಿತೆಂಬ ಪ್ರಶ್ನೆಯು ಆರ್ಯರ ಪ್ರಶ್ನೆಯೊಡನೆ ಹೆಣೆದುಕೊಂಡಿರುವದರಿಂದ, ತುಂಗಭದ್ರೆಯ ದಂಡೆಯ ಆ ಎಲುಬಿನ ತುಂಡುಗಳು ದೂರದೇಶದ ಪಂಡಿತರ ವಾದಗಳಲ್ಲಿಯೂ ಸ್ಥಾನವನ್ನು ಪಡೆದವು. ಅವು ಕುದುರೆಯವೇ, ಯಾವ ಪದರಿಗೆ ಸೇರಿದವು ಎಂಬ ವಿವಾದವು ಇನ್ನೂ ಮುಗಿದಿಲ್ಲ. ಹಿರೇಬೆಣಕಲ್ಲಿನ ಬಂಡೆಯ ಮೇಲಿನ ಕುದುರೆಯ ಚಿತ್ರವನ್ನೂ ಹಳ್ಳೂರಿನ ಎಲುಬನ್ನೂ ಒಟ್ಟಿಗಿಟ್ಟು ಯೋಚಿಸಿದರೆ ಮಾತ್ರ ಈ ಪ್ರಶ್ನೆಯ ತೂಕವು ತಿಳಿಯುವದು. ಒಂದು ಕಡೆಗೆ ರೂಪವುಂಟು, ವಯಸ್ಸು ನಿಶ್ಚಯವಿಲ್ಲ. ಇನ್ನೊಂದು ಕಡೆಗೆ ಪದರಿನ ವಯಸ್ಸುಂಟು, ರೂಪವು ಚೂರಾಗಿದೆ.

ಈ ಸೀಮೆಯ ಹೆಣ್ಣುಮಕ್ಕಳ ಕೈಯಲ್ಲಿ ಗೋಡೆಯ ಚಿತ್ರಕಲೆಯು ಇಂದಿಗೂ ಬಾಳಿದೆ. ನೆರೆಯ ಸೊರಬ ಸಾಗರಗಳ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳಿಯಿಂದ ಹಸೆಚಿತ್ತಾರವನ್ನು ಬರೆಯುವರು. ಕಾರಹುಣ್ಣಿಮೆಗೆ ಎತ್ತಿನ ಕೋಡುಗಳಿಗೆ ಬಣ್ಣವನ್ನು ಹಚ್ಚುವದು, ಮಣ್ಣೆತ್ತಿನ ಅಮವಾಸ್ಯೆಗೆ ಹಸಿಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವದು, ದೀಪಾವಳಿಯ ತರುವಾಯ ಕೊಬ್ಬರಿ ಕಟ್ಟಿದ ಹೋರಿಗಳನ್ನು ಓಡಿಸುವದು, ಇವೆಲ್ಲ ಈ ಸೀಮೆಯ ಜನರಿಗೆ ಹೊಸತಾಗಿ ಹೇಳತಕ್ಕ ಮಾತುಗಳಲ್ಲ. ಇವು ನವಶಿಲಾಯುಗದಿಂದ ನೇರವಾಗಿ ಇಳಿದುಬಂದವೆಂದು ಸಾಧಿಸಲಾಗದು. ಆದರೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವ ಒಕ್ಕಲಿಗನಿಗೆ ಕಪ್ಪಗಲ್ಲಿನ ಚಿತ್ರಕಾರನು ಕೋಡನ್ನೇಕೆ ಅಷ್ಟು ದೊಡ್ಡದಾಗಿ ಬರೆದನೆಂಬದನ್ನು ಯಾವ ಪಂಡಿತನೂ ವಿವರಿಸಬೇಕಾಗಿಲ್ಲ.

ಈ ಸಾಕ್ಷಿಗಳು ದಿನೇದಿನೇ ಕ್ಷೀಣಿಸುತ್ತಿರುವವೆಂಬದು ಚಿಂತೆಯ ಸಂಗತಿ. ಬೂದಿಗುಡ್ಡಗಳ ಬೂದಿಯನ್ನು ಹೊಲಗಳಿಗೆ ಚೆಲ್ಲುವದಕ್ಕೆ ಬಂಡಿಗಟ್ಟಲೆ ಸಾಗಿಸಿದ್ದುಂಟು. ಹಳೆಯ ದಿಬ್ಬಗಳ ಹಾಳುಮಣ್ಣಿಗೂ ಅದೇ ಗತಿ. ಕಪ್ಪಗಲ್ಲಿನ ಬೆಟ್ಟದಲ್ಲಿ ಕಲ್ಲುಗಣಿಯ ಕೆಲಸದಿಂದ ಚಿತ್ರಗಳಿಗೆ ಹಾನಿಯಾಗುತ್ತಿದೆಯೆಂದು ೨೦೦೪ರಲ್ಲಿಯೇ ಸಂಶೋಧಕರು ಎಚ್ಚರಿಸಿದ್ದರು. ಹೆಬ್ಬಂಡೆಯ ಮೇಲೆ ಸುಣ್ಣದಿಂದಲೂ ಬಣ್ಣದಿಂದಲೂ ತಮ್ಮ ಹೆಸರನ್ನು ಬರೆದುಹೋಗುವವರ ಚಾಳಿಯು ಎಲ್ಲ ಕಡೆಗೂ ಉಂಟು. ಶಾಸನವಿದ್ದ ಕಲ್ಲನ್ನು ಈಗ ಹಳ್ಳಿಗರು ಕಾಪಾಡುವರು, ಏಕೆಂದರೆ ಅದರಲ್ಲಿ ಅಕ್ಷರಗಳಿವೆ. ಅಕ್ಷರವಿಲ್ಲದ ಕಲ್ಲನ್ನು ಕಾಯುವವರು ಇನ್ನೂ ಹುಟ್ಟಬೇಕಾಗಿದೆ. ಗದ್ದೆಯನ್ನು ಉಳುವಾಗ ನುಣುಪಾದ ಕಲ್ಲುಗೊಡಲಿಯೋ ಗೀರುಗಳಿದ್ದ ಮಡಕೆಯ ಚೂರೋ ಸಿಕ್ಕಿದರೆ, ವರದೆ, ಧರ್ಮೆ, ಕುಮುದ್ವತಿಗಳ ದಂಡೆಯ ರೈತರು ಅದನ್ನು ಬದುವಿನಾಚೆಗೆ ಎಸೆಯದೆ ಸಮೀಪದ ಶಾಲೆಯ ಮಾಸ್ತರರಿಗಾಗಲಿ ಮಠಕ್ಕಾಗಲಿ ತಂದು ತೋರಿಸಿದರೆ ಎಷ್ಟೋ ಹೊಸ ನೆಲೆಗಳು ತಿಳಿದುಬರಬಹುದು. ಹಳ್ಳೂರು ಒಂದೇ ಆಗಿರುವ ಸಂಭವವು ಬಹು ಕಡಿಮೆ.

ಕಪ್ಪಗಲ್ಲಿನ ಬಂಡೆಗಳಲ್ಲಿ ಎಲ್ಲ ಚಿತ್ರಗಳೂ ಹಳೆಯವಲ್ಲ. ಅತಿ ಪ್ರಾಚೀನವಾದವು ಬಂಡೆಯ ಬಣ್ಣದಲ್ಲಿ ಮುಳುಗಿ, ಬೆಳಗಿನ ಓರೆಬಿಸಿಲು ಬಿದ್ದಾಗ ಮಾತ್ರ ತೋರುವವು. ಅವುಗಳ ಮೇಲೆ ಕೆಲವು ಕಂದುಬಣ್ಣದವು, ಮತ್ತೆ ಕೆಲವು ಬೂದುಬಣ್ಣದವು. ಅಲ್ಲಲ್ಲಿ ಹಳೆಯ ಎತ್ತಿನ ಗೆರೆಯನ್ನೇ ಮರಳಿ ಕುಟ್ಟಿ ಎಚ್ಚರಿಸಿದ ಗುರುತುಗಳುಂಟು. ಹತ್ತಿರದ ಕಾಲದಲ್ಲಿ ಬೆಟ್ಟಕ್ಕೆ ದನ ಹೊಡೆದುಕೊಂಡು ಬಂದವರು ಕುಟ್ಟಿದ ಎತ್ತುಗಳೂ ಅವುಗಳ ಪಕ್ಕದಲ್ಲಿಯೇ ಇರುವವು. ಅವು ಇನ್ನೂ ಬೆಳ್ಳಗಿವೆ.